ಇಕೋ ಯಣಚಿ ಮತ್ತು ಕರಿಬೇವು

ವರ್ಷಕ್ಕೆ ಎರಡು ಸಲವಾದರೂ ನಮ್ಮ ಮನೆಯವರ ಗ್ರೂಪಿಗೆ ಒಂದು ಸಂದೇಶ ಬರುತ್ತದೆ. ಕಳಿಸುವವರು ಚಿಕ್ಕಪ್ಪ. 'ಕಂಪ್ಯೂಟರಿಗೆ ಎಲ್ಲಕ್ಕಿಂತ ಒಳ್ಳೆ ಭಾಷೆ ಸಂಸ್ಕೃತ ಅಂತ ನಾಸಾ ಒಪ್ಪಿಕೊಂಡಿದೆ.' ಕೆಳಗೆ ಒಂದು ರಾಕೆಟ್ ಚಿತ್ರ, ಕೈಮುಗಿದ ಗುರುತು ನಾಲ್ಕು. ಈ ಸಲ ಸುಮ್ನೆ ಇರಲಾಗಲಿಲ್ಲ.

ಇದು ಪೂರ್ತಿ ಗಾಳಿಸುದ್ದಿಯೂ ಅಲ್ಲ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬವರು 'ಎಐ ಮ್ಯಾಗಝೀನ್' ಪತ್ರಿಕೆಗೆ ಒಂದು ಲೇಖನ ಬರೆದರು. ಅವರಿದ್ದ ಸಂಶೋಧನಾ ಸಂಸ್ಥೆ ನಾಸಾದ ಏಮ್ಸ್ ಕೇಂದ್ರದಲ್ಲಿತ್ತು. ನಾಸಾ ಹೆಸರು ಅಂಟಿಕೊಂಡದ್ದು ಹೀಗೆ. ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಿರಿ ಅಂತ ಆ ಲೇಖನದಲ್ಲಿ ಎಲ್ಲೂ ಇಲ್ಲ. ಇರುವುದು ಅನ್ನ ಮಾಡುವ ವಿಷಯ. ಮೈತ್ರ ಎಂಬವನು ಸ್ನೇಹದಿಂದ ದೇವದತ್ತನಿಗೆ ಪಾತ್ರೆಯಲ್ಲಿ, ಬೆಂಕಿಯ ಮೇಲೆ ಅನ್ನ ಬೇಯಿಸುತ್ತಾನೆ. ಹಳೆಯ ವೈಯಾಕರಣರು ಇಂಥ ಮಾತನ್ನು ಬಿಡಿಸಿ ಹರಡುತ್ತಿದ್ದರು. ಬೇಯಿಸುವ ಕೆಲಸ ಒಂದಿದೆ, ಮಾಡುವವನು ಮೈತ್ರ, ಬೇಯುವುದು ಅಕ್ಕಿ, ಯಾರಿಗೆ ಅಂದರೆ ದೇವದತ್ತನಿಗೆ, ಕಾರಣ ಸ್ನೇಹ, ಹೀಗೆ. ಆ ಕಾಲದ ಎಐ ಮಂದಿ ವಾಕ್ಯದ ಅರ್ಥವನ್ನು ಚೌಕ, ಗೆರೆ ಎಳೆದು ಕಂಪ್ಯೂಟರಿಗೆ ತಿಳಿಸಲು ನೋಡುತ್ತಿದ್ದರು. ಎರಡೂ ಒಂದೇ ಥರ ಇವೆಯಲ್ಲ ಅಂತ ಬ್ರಿಗ್ಸ್ ಬೆರಗಾದರು. ಬೆರಗಾಗಬೇಕಾದದ್ದೇ.

ಆದರೆ ಬಿಡಿಸಿ ಹೇಳಬೇಕಾಯಿತು, ಅಲ್ವಾ? ಆಡಿದ ಮಾತಿಗೆ ಒಂದೇ ಅರ್ಥ ಇದ್ದಿದ್ದರೆ ಬಿಡಿಸುವ ಕೆಲಸವೇ ಇರುತ್ತಿರಲಿಲ್ಲ.

ನಮ್ಮ 'ಇಂದ' ಪ್ರತ್ಯಯವನ್ನೇ ನೋಡಿ. ಚಾಕುವಿನಿಂದ ಹೆಚ್ಚಿದೆ ಅಂದರೆ ಅದು ಸಲಕರಣೆ. ಜ್ವರದಿಂದ ಮಲಗಿದೆ ಅಂದರೆ ಕಾರಣ. ಹಾಸನದಿಂದ ಬಂದೆ ಅಂದರೆ ಹೊರಟ ಜಾಗ. ಬಾಲ ಒಂದೇ, ಕೆಲಸ ಮೂರು. ಹಾಸನವನ್ನು ಹಿಡಿದು ಯಾರೂ ಈರುಳ್ಳಿ ಹೆಚ್ಚುವುದಿಲ್ಲ ಅಂತ ನಮಗೆ ಗೊತ್ತು. ಪ್ರತ್ಯಯಕ್ಕೆ ಗೊತ್ತಿಲ್ಲ. 'ಹತ್ತು ಮರ ಹತ್ತು' ಅಂದರೆ ಎಣಿಕೆ ಯಾವುದು, ಅಪ್ಪಣೆ ಯಾವುದು ಅಂತ ಐದು ವರ್ಷದ ಮಗು ತಡವರಿಸುವುದಿಲ್ಲ. 'ನಿನ್ನೆ ಬಂದ ಅಣ್ಣನ ಸ್ನೇಹಿತ' ಅಂದಾಗ ಬಂದವನು ಅಣ್ಣನೋ ಸ್ನೇಹಿತನೋ? ಮನೆಯಲ್ಲಿದ್ದವರಿಗೆ ಗೊತ್ತು.

ಸಂಸ್ಕೃತವೂ ಹೀಗೆಯೇ. ಜಾಸ್ತಿ ವಾದ ಬೇಡ. ಕವಿರಾಜ ಎಂಬ ಕವಿ 12ನೇ ಶತಮಾನದಲ್ಲಿ 'ರಾಘವಪಾಂಡವೀಯ' ಬರೆದ. ಅವನಿಗೆ ಆಶ್ರಯ ಕೊಟ್ಟವನು ಕದಂಬ ದೊರೆ ಕಾಮದೇವ. ಒಂದೇ ಪದ್ಯವನ್ನು ಒಂದು ಕಡೆಯಿಂದ ಬಿಡಿಸಿದರೆ ರಾಮಾಯಣ, ಇನ್ನೊಂದು ಕಡೆಯಿಂದ ಬಿಡಿಸಿದರೆ ಮಹಾಭಾರತ. ಸಂಸ್ಕೃತದಲ್ಲಿ ಎರಡರ್ಥಕ್ಕೆ ಜಾಗವೇ ಇಲ್ಲದಿದ್ದರೆ ಈ ಕಾವ್ಯ ಹುಟ್ಟುತ್ತಿತ್ತಾ? ಸಂಸ್ಕೃತವನ್ನು ಹೊಗಳುತ್ತೇವೆ ಅಂದುಕೊಂಡು ಅದರ ಅತಿ ದೊಡ್ಡ ಆಟವನ್ನೇ ಮರೆಯುತ್ತಿದ್ದೇವೆ.

'ಭಾಷೆ' ಎಂಬ ಪದವೇ ಕನ್ನಡದಲ್ಲಿ ಎರಡು. ನಾವು ಆಡುವುದು ಭಾಷೆ. ಪುಣ್ಯಕೋಟಿ ಹುಲಿಗೆ ಕೊಟ್ಟದ್ದೂ ಭಾಷೆ. ಕಂಪ್ಯೂಟರ್ ಭಾಷೆ ನನ್ನ ಕಣ್ಣಿಗೆ ಎರಡನೆಯದಕ್ಕೇ ಹತ್ತಿರ. ಕೊಟ್ಟದ್ದು ಕೊಟ್ಟ ಹಾಗೇ ನಡೆಯಬೇಕು, ಮುಖ ನೋಡಿ ಅರ್ಥ ಬದಲಿಸುವಂತಿಲ್ಲ.

ಅದು ಎಷ್ಟು ಕಷ್ಟ ಅಂತ ಅಡುಗೆಮನೆಯಲ್ಲೇ ತೋರಿಸುತ್ತೇನೆ. ಅಮ್ಮ ನನ್ನನ್ನು ಅಂಗಡಿಗೆ ಅಟ್ಟುತ್ತಾ ಹೇಳಿದರು: 'ಅಂಗಡಿ ತೆಗೆದಿದ್ದರೆ, ಕೊತ್ತಂಬರಿ ತಾಜಾ ಇದ್ದರೆ ಒಂದು ಕಟ್ಟು ತಾ, ಇಲ್ಲಾಂದ್ರೆ ಹಿತ್ತಲಿಂದ ಕರಿಬೇವು ಕಿತ್ಕೊಂಡು ಬಾ.' ಈ 'ಇಲ್ಲಾಂದ್ರೆ' ಯಾವುದಕ್ಕೆ? ಅಂಗಡಿ ಮುಚ್ಚಿದ್ದರೋ, ಕೊತ್ತಂಬರಿ ಬಾಡಿದ್ದರೋ? ನಾನಂತೂ ಯೋಚಿಸಲೇ ಇಲ್ಲ. ಎರಡರಲ್ಲಿ ಯಾವುದಾದರೂ ಸಾರಿಗೆ ಏನಾದರೂ ಬೀಳಬೇಕು, ಅಷ್ಟೇ. ಕಂಪ್ಯೂಟರಿಗೆ ಸಾರಿನ ಚಿಂತೆ ಇಲ್ಲ. ಈ 'ಇಲ್ಲಾಂದ್ರೆ'ಯನ್ನು ಯಾವ 'ಇದ್ದರೆ'ಗೆ ಕಟ್ಟಬೇಕು ಅಂತ ಮೊದಲೇ ಹೇಳಿರಬೇಕು. ಪ್ರೋಗ್ರಾಂ ಭಾಷೆ ಕಟ್ಟುವವರು ಇದನ್ನು ನೇತಾಡುವ 'ಎಲ್ಸ್' ಅನ್ನುತ್ತಾರೆ. 1960ರಲ್ಲಿ ದೊಡ್ಡ ದೊಡ್ಡ ತಲೆಗಳು ಸೇರಿ ಬರೆದ ಆಲ್ಗಾಲ್ 60 ಭಾಷೆಯ ವ್ಯಾಕರಣದಲ್ಲೂ ಈ ತೊಡಕು ನುಸುಳಿತ್ತು. ಸಿ ಭಾಷೆ ಒಂದು ಕಟ್ಟಳೆ ಮಾಡಿತು: ಎಲ್ಸ್ ಹತ್ತಿರದ ಇಫ್‌ಗೆ ಸೇರಿದ್ದು. ಅಂದರೆ ಕೊತ್ತಂಬರಿಗೆ. ಅಂಗಡಿ ಮುಚ್ಚಿದ್ದ ದಿನ ಸಿ ಭಾಷೆಯ ಮಗ ಬರಿಗೈಲಿ ಬಂದು ಸೋಫಾದಲ್ಲಿ ಕೂರುತ್ತಾನೆ. ಪೈಥಾನ್ ಇನ್ನೊಂದು ದಾರಿ ಹಿಡಿಯಿತು. ಸಾಲಿನ ಎಡಕ್ಕೆ ಎಷ್ಟು ಜಾಗ ಬಿಟ್ಟಿದ್ದೀರಿ ಅನ್ನುವುದೇ ಅಲ್ಲಿ ಅರ್ಥ.

ಆಲ್ಗಾಲ್ ಹೆಸರು ಬಂತು. ಸಂಸ್ಕೃತಕ್ಕೆ ವ್ಯಾಕರಣ ಬರೆದ ಪಾಣಿನಿ ಬರುವುದು ಇಲ್ಲಿಂದಲೇ. ಆಲ್ಗಾಲ್‌ನ ವ್ಯಾಕರಣ ಬರೆಯಲು ಜಾನ್ ಬ್ಯಾಕಸ್ ಒಂದು ಬರವಣಿಗೆಯ ಕ್ರಮ ಮಾಡಿದರು, ಪೀಟರ್ ನೌರ್ ಅದನ್ನು ತಿದ್ದಿ 1960ರ ವರದಿಯಲ್ಲಿ ಬಳಸಿದರು. ಇದರ ಜಾಗದಲ್ಲಿ ಇದನ್ನು ಹಾಕು, ಅದರ ಜಾಗದಲ್ಲಿ ಅದನ್ನು ಹಾಕು ಅನ್ನುವ ನಿಯಮಗಳ ಸಾಲು. 1967ರಲ್ಲಿ ಪೀಟರ್ ಇಂಗರ್‌ಮನ್ ಒಂದು ಕಂಪ್ಯೂಟರ್ ಪತ್ರಿಕೆಗೆ ಪುಟ್ಟ ಕಾಗದ ಬರೆದರು. ಇಂಥದ್ದನ್ನು ಪಾಣಿನಿ ಆಗಲೇ ಮಾಡಿದ್ದಾನೆ, ಇದಕ್ಕೆ ಪಾಣಿನಿ-ಬ್ಯಾಕಸ್ ಹೆಸರಿಡಿ ಅಂತ. ಹೆಸರು ನಿಲ್ಲಲಿಲ್ಲ. ಮಾತು ಸರಿಯಾಗಿತ್ತು.

ಹೈಸ್ಕೂಲಿನಲ್ಲಿ ಯಣ್ ಸಂಧಿ ಓದಿದ್ದೀರಿ. ಅತಿ, ಅಂತ ಸೇರಿ ಅತ್ಯಂತ. ಮನು, ಅಂತರ ಸೇರಿ ಮನ್ವಂತರ. ಪಿತೃ, ಆರ್ಜಿತ ಸೇರಿ ಪಿತ್ರಾರ್ಜಿತ. ಪಾಣಿನಿಗೆ ಇಷ್ಟಕ್ಕೂ ಸಾಕಾದದ್ದು ಮೂರೇ ಪದ: ಇಕಃ, ಯಣ್, ಅಚಿ. ಸೇರಿಸಿ ಹೇಳಿದರೆ 'ಇಕೋ ಯಣಚಿ'. ಮೊದಲು ಅವನು ಅಕ್ಷರಗಳನ್ನು ಸಾಲಾಗಿ ನಿಲ್ಲಿಸುತ್ತಾನೆ: ಅಇಉಣ್, ಋಌಕ್, ಹೀಗೆ 14 ಸೂತ್ರ. ಪ್ರತಿ ಸೂತ್ರದ ಕೊನೆಯ ವ್ಯಂಜನ ಬರೀ ಗುರುತು, ಬಸ್ ಸ್ಟಾಪಿನ ಬೋರ್ಡಿನ ಹಾಗೆ. 'ಇಕ್' ಅಂದರೆ ಇ ಇಂದ ಹತ್ತಿ ಕ್ ಸ್ಟಾಪಿನಲ್ಲಿ ಇಳಿ. ದಾರಿಯಲ್ಲಿ ಸಿಕ್ಕವರು ಇ, ಉ, ಋ, ಌ. 'ಯಣ್' ಅಂದರೆ ಯ, ವ, ರ, ಲ. 'ಅಚ್' ಅಂದರೆ ಸ್ವರಗಳೆಲ್ಲ. ಇನ್ನು ವಿಭಕ್ತಿ. ಷಷ್ಠಿ ಬಂದರೆ 'ಇದರ ಜಾಗದಲ್ಲಿ'. ಪ್ರಥಮಾ ಬಂದರೆ 'ಇದು ಕೂರಲಿ'. ಸಪ್ತಮಿ ಬಂದರೆ 'ಮುಂದೆ ಇದು ಇದ್ದಾಗ'. ರೈಲ್ವೆ ಹಳಿ ಬದಲಿಸುವ ಸನ್ನೆಗೋಲಿನ ಹಾಗೆ, ಮುಂದೆ ಸ್ವರದ ಗಾಡಿ ನಿಂತಿದ್ದರೆ ಇ ಇಳಿದು ಯ ಹತ್ತುತ್ತದೆ. ರವಿ, ಇಂದ್ರ ಸೇರಿ ರವ್ಯಿಂದ್ರ ಯಾಕಾಗಲಿಲ್ಲ ಅಂದಿರಾ? ಅದನ್ನು ತಡೆದು ರವೀಂದ್ರ ಮಾಡಲು ಬೇರೆ ಸೂತ್ರವಿದೆ. ಇಂಥವು ಸುಮಾರು 4,000. ಎಲ್ಲವೂ ಬಾಯಿಪಾಠದಲ್ಲಿ.

ಈಗ 'ಇಕೋ ಯಣಚಿ'ಯನ್ನು ಈ ಗುಟ್ಟುಗಳು ಗೊತ್ತಿಲ್ಲದ ಒಬ್ಬ ಸಂಸ್ಕೃತ ಕವಿಗೆ ಹೇಳಿ ನೋಡಿ. 'ಇಕ್‌ನ ಯಣ್ ಅಚ್‌ನಲ್ಲಿ' ಅಂತ ಕೇಳಿಸುತ್ತದೆ, ಏನೂ ಅರ್ಥವಾಗುವುದಿಲ್ಲ. ಯಾಕಂದರೆ ಅದು ಆಡುವ ಸಂಸ್ಕೃತವೇ ಅಲ್ಲ. ಸಂಸ್ಕೃತದ ಬಗ್ಗೆ ಮಾತಾಡಲು ಪಾಣಿನಿ ಕಟ್ಟಿಕೊಂಡ ಬೇರೊಂದು ಭಾಷೆ. ಕಂಪ್ಯೂಟರ್ ಭಾಷೆಗೆ ನೆಂಟತನ ಇರುವುದು ಇದಕ್ಕೆ. ಚಿಕ್ಕಪ್ಪನ ಸಂದೇಶದಲ್ಲಿ ಹಾರ ಬಿದ್ದದ್ದು ಪಕ್ಕದಲ್ಲಿ ನಿಂತವರ ಕೊರಳಿಗೆ.

ಚಿಕ್ಕಪ್ಪನಿಗೆ ಇಷ್ಟೂ ಬರೆದು ಕಳಿಸಿದೆ. ಅವರು ಕೇಳಿದ್ದು ಒಂದೇ, 'ಅದಿರಲಿ, ಮೊಮ್ಮಗಳನ್ನ ಗ್ರೂಪಿಗೆ ಸೇರಿಸಿದ್ರೆ ಫೋನು ಅವಳಿಗೆ ಯಾಕೋ ಬಹುವಚನ ಹಾಕ್ತದೆ?' ಒಳ್ಳೆ ಪ್ರಶ್ನೆ. ಸಾಫ್ಟ್‌ವೇರಿನವರು ವಾಕ್ಯದಲ್ಲಿ ಹೆಸರಿಗೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಯಾರ ಹೆಸರು ಬರುತ್ತದೋ ಗೊತ್ತಿಲ್ಲ. ರವಿ ಬಂದರೆ ರವಿಯನ್ನು, ಗುರು ಬಂದರೆ ಗುರುವನ್ನು, ರಾಜ ಬಂದರೆ ರಾಜನನ್ನು, ಗೀತಾ ಬಂದರೆ ಗೀತಾಳನ್ನು. ಇದಕ್ಕೆಲ್ಲ ಸೂತ್ರ ಬರೆಯುವ ಗೋಜು ಯಾರಿಗೆ ಬೇಕು? ಹೆಸರಿನ ಮುಂದೆ 'ಅವರನ್ನು' ಅಂತ ಒಂದು ಅಚ್ಚು ಒತ್ತಿಬಿಟ್ಟರು. ಅದಕ್ಕೇ ನಮ್ಮ ಗ್ರೂಪಿನಲ್ಲಿ, ಅಜ್ಜನ ಹಳೇ ಫೋನಿನಲ್ಲಿ ಬಣ್ಣ ಹಚ್ಚುವ ಆಟ ಆಡುವ ಆರು ವರ್ಷದ ಪುಟ್ಟಿ, 'ಪುಟ್ಟಿ ಅವರನ್ನು ಸೇರಿಸಲಾಗಿದೆ' ಅಂತ ಬಂದು ಕೂತಿದ್ದಾಳೆ.