ಮನೆ ಅದೇ, ಸ್ಕೂಲ್ ಮಾತ್ರ ಬೇರೆ: ಯಾರನ್ನು ಕೇಳಬೇಕು?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ ನಾಲ್ಕು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಮಗನ ಸ್ಕೂಲು ನಡೆದು ಹೋಗುವಷ್ಟು ಹತ್ತಿರ. ಮುಂದಿನ ವರ್ಷದಿಂದ ಮೂರು ಮೈಲಿ ಆಚೆಗಿನ ಸ್ಕೂಲಿಗೆ ಕಳಿಸಬೇಕಾಗಬಹುದು ಅಂತ ಈಗ ಇಮೇಲ್ ಬಂದಿದೆ. ನಾವು ಎಚ್1ಬಿ ವೀಸಾದಲ್ಲಿರುವವರು. ಇದನ್ನು ಪ್ರಶ್ನಿಸುವ ಹಕ್ಕು ನಮಗಿದೆಯಾ? ಯಾರನ್ನು ಕೇಳಬೇಕು?

ಉತ್ತರ: ಹಕ್ಕಿದೆ. ವೀಸಾ ಯಾವುದೇ ಇರಲಿ, ಮನೆ ಬಾಡಿಗೆಯದ್ದೇ ಇರಲಿ, ಇದೆ. ಆದರೆ ಎಲ್ಲಿ ಹೋಗಿ, ಯಾರ ಮುಂದೆ, ಯಾವಾಗ ಕೇಳಬೇಕು ಅನ್ನೋದು ನಮ್ಮೂರಿನ ಕ್ರಮಕ್ಕಿಂತ ಪೂರ್ತಿ ಬೇರೆ.

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಸಮಸ್ಯೆ ಅಂದರೆ ಮೊದಲು ಹೆಡ್‌ಮಾಸ್ಟರ್, ಆಮೇಲೆ ಬಿಇಒ, ಆಮೇಲೆ ಡಿಡಿಪಿಐ, ಅಲ್ಲೂ ಆಗದಿದ್ದರೆ ಎಮ್ಮೆಲ್ಲೆ ಮನೆ ಬಾಗಿಲು. ಮೇಲೆ ಹೋದಷ್ಟೂ ಕೆಲಸ ಆಗುತ್ತೆ ಅನ್ನೋದು ನಮ್ಮ ಅನುಭವ. ಅಮೆರಿಕದಲ್ಲಿ ಈ ಏಣಿ ಹತ್ತಿದರೆ ಉಪಯೋಗವಿಲ್ಲ. ಪ್ರಿನ್ಸಿಪಾಲರ ಕೈಯಲ್ಲಿ ಈ ವಿಷಯ ಇಲ್ಲ. ಗವರ್ನರ್‌ಗೆ ಪತ್ರ ಬರೆದರೂ ಅದು ತಿರುಗಿ ಬರುವುದು ನಿಮ್ಮೂರಿಗೇ. ಯಾವ ಬೀದಿ ಯಾವ ಸ್ಕೂಲಿಗೆ ಸೇರಬೇಕು ಅಂತ ಗೆರೆ ಎಳೆಯುವುದು ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯಾದ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ಬೋರ್ಡ್. ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ 7 ಜನ ಇರುತ್ತಾರೆ, ಟ್ರಸ್ಟಿಗಳು ಅಂತ ಕರೆಯುತ್ತಾರೆ. ಊರಿನವರೇ ಓಟು ಹಾಕಿ ಆರಿಸಿದವರು. ಸಂಬಳ ಇಲ್ಲ. ಹಗಲು ತಮ್ಮ ತಮ್ಮ ಕೆಲಸ, ರಾತ್ರಿ ಮೀಟಿಂಗ್.

ಇಡೀ ದೇಶದಲ್ಲಿ ಇಂಥ ಡಿಸ್ಟ್ರಿಕ್ಟ್‌ಗಳು ಸುಮಾರು 13,000 ಇವೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಅನ್ನುವ ಪದವೇ ಇಲ್ಲ. ಹಾಗಾಗಿ ಅದು ರಾಜ್ಯಗಳ ಪಾಲಿಗೆ ಬಂತು, ರಾಜ್ಯಗಳು ಅದನ್ನು ಊರುಗಳಿಗೆ ಬಿಟ್ಟುಕೊಟ್ಟವು. ಶಾಲೆಗಳಿಗೆ ಬರುವ ಹಣದಲ್ಲಿ ಕೇಂದ್ರ ಸರ್ಕಾರದ ಪಾಲು ಹತ್ತರಲ್ಲಿ ಒಂದು ಭಾಗದಷ್ಟು. ಉಳಿದದ್ದು ರಾಜ್ಯದ್ದು ಮತ್ತು ಊರಿನ ಆಸ್ತಿ ತೆರಿಗೆಯದ್ದು. ಕೇಂದ್ರದ ಶಿಕ್ಷಣ ಇಲಾಖೆಯನ್ನು ಮುಚ್ಚುವತ್ತ ಹೆಜ್ಜೆ ಇಡಿ ಅಂತ 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದಾಗ, "ನಮ್ಮ ಮಕ್ಕಳ ಸ್ಕೂಲ್ ಗತಿ ಏನು?" ಅಂತ ಊರಿಂದ ಎಷ್ಟೋ ಫೋನ್ ಬಂದವು. ಆ ಇಲಾಖೆ ಇರಲಿ, ಹೋಗಲಿ, ನಿಮ್ಮ ಬೀದಿಯ ಗೆರೆ ಎಳೆಯುವುದು ಮಾತ್ರ ಅವರಲ್ಲ.

ಗೆರೆ ಯಾಕೆ ಬದಲಾಗುತ್ತೆ? ಬೆಳೆಯುವ ಊರಲ್ಲಿ ಹೊಸ ಸ್ಕೂಲ್ ಕಟ್ಟಿದರೆ ಅದಕ್ಕೆ ಮಕ್ಕಳು ಬೇಕು. ಡಲ್ಲಾಸ್ ಪಕ್ಕದ ಫ್ರಿಸ್ಕೊ ನೋಡಿ. ಎರಡು ದಶಕಗಳಲ್ಲಿ ಮಕ್ಕಳ ಸಂಖ್ಯೆ ಕೆಲವು ಸಾವಿರದಿಂದ 60,000 ದಾಟಿತು. ಅಲ್ಲಿ ಗೆರೆ ಮತ್ತೆ ಮತ್ತೆ ಬದಲಾಗಿದೆ. ಇನ್ನು ಕೆಲವು ಕಡೆ ಉಲ್ಟಾ. ಕ್ಯಾಲಿಫೋರ್ನಿಯಾದ ಕುಪರ್ಟಿನೊದಲ್ಲಿ ಮನೆ ಬೆಲೆ ಏರಿ ಎಳೆಯ ಸಂಸಾರಗಳು ಬರುವುದೇ ಕಡಿಮೆಯಾಯಿತು, ಮಕ್ಕಳು ಕಡಿಮೆಯಾಗಿ 2022ರಲ್ಲಿ ಪ್ರಾಥಮಿಕ ಶಾಲೆಗಳನ್ನೇ ಮುಚ್ಚಿದರು. ಎರಡೂ ಕಡೆ ನಮ್ಮವರು ಬೇಕಾದಷ್ಟು ಜನ ಇದ್ದಾರೆ.

ಈಗ ನಿಮ್ಮ ಹಕ್ಕಿನ ವಿಷಯ. ಓಟು ಬೇರೆ, ಮಾತು ಬೇರೆ. ಓಟು ನಿಮಗಿಲ್ಲ. ಗ್ರೀನ್ ಕಾರ್ಡ್ ಬಂದರೂ ಟೆಕ್ಸಸ್‌ನಲ್ಲಿ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ದಯವಿಟ್ಟು ಗಮನ ಇಟ್ಟು "ಇಲ್ಲ" ಅನ್ನಿ. ಗೊತ್ತಿಲ್ಲದೆ ಓಟು ಹಾಕಿದರೂ ವೀಸಾಕ್ಕೇ ಕುತ್ತು ಬರಬಹುದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರೆ ಪದ್ಧತಿ ಇದೆ. 2016ರಲ್ಲಿ ಊರಿನವರು ಮತ ಹಾಕಿ ಒಪ್ಪಿದ ಮೇಲೆ, ನಾಗರಿಕರಲ್ಲದ ತಂದೆ-ತಾಯಂದಿರೂ ಅಲ್ಲಿ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ, ಅದರಲ್ಲಿ ಮಾತ್ರ, ಓಟು ಹಾಕಬಹುದು. ಬೋರ್ಡ್ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ತೋರಿಸಿದ್ದೂ ಅದೇ ಊರು. ಕೋವಿಡ್‌ನಲ್ಲಿ ಶಾಲೆಗಳು ಮುಚ್ಚಿಯೇ ಇದ್ದವು. ಬೋರ್ಡ್ 44 ಶಾಲೆಗಳ ಹೆಸರು ಬದಲಾಯಿಸುವ ತೀರ್ಮಾನ ಮಾಡಿತು. ಸಿಟ್ಟಾದ ಪಾಲಕರು ಸಹಿ ಸಂಗ್ರಹಿಸಿ, 2022ರ ಫೆಬ್ರವರಿಯಲ್ಲಿ ಮತದಾನ ಮಾಡಿಸಿ, 3 ಸದಸ್ಯರನ್ನು ಅವಧಿ ಮುಗಿಯುವ ಮೊದಲೇ ಮನೆಗೆ ಕಳಿಸಿದರು.

ಮಾತಿನ ಹಕ್ಕು ಮಾತ್ರ ನಿಮಗೂ ಇದೆ. ಇಂಥ ವಿಷಯಕ್ಕೆ ಬೋರ್ಡ್ ಮೀಟಿಂಗ್ ಬಾಗಿಲು ಹಾಕಿಕೊಂಡು ನಡೆಸುವಂತಿಲ್ಲ. ಟೆಕ್ಸಸ್ 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಅಜೆಂಡಾದಲ್ಲಿರುವ ವಿಷಯದ ಬಗ್ಗೆ ತೀರ್ಮಾನಕ್ಕೆ ಮೊದಲು ಜನರಿಗೆ ಮಾತಾಡಲು ಅವಕಾಶ ಕೊಡಲೇಬೇಕು. ನಿಮ್ಮ ವೀಸಾ ಯಾವುದು ಅಂತ ಅದರಲ್ಲಿ ಪ್ರಶ್ನೆಯೇ ಬರುವುದಿಲ್ಲ. ಇನ್ನು ಮಗು ಸರ್ಕಾರಿ ಶಾಲೆಯಲ್ಲಿ ಓದುವ ಹಕ್ಕಿನ ಬಗ್ಗೆಯಂತೂ ಅನುಮಾನವೇ ಬೇಡ. 1982ರಲ್ಲಿ ಟೆಕ್ಸಸ್‌ನದೇ ಟೈಲರ್ ಊರಿನ ಪ್ರಕರಣದಲ್ಲಿ, ಕಾಗದಪತ್ರ ಇಲ್ಲದವರ ಮಕ್ಕಳನ್ನೂ ಶಾಲೆಯಿಂದ ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ಅಪವಾದ ಹೇಳಲೇಬೇಕು. ಶಾಲೆಗಳ ಫಲಿತಾಂಶ ವರ್ಷಗಟ್ಟಲೆ ಕೆಟ್ಟರೆ ಟೆಕ್ಸಸ್‌ನಲ್ಲಿ ರಾಜ್ಯವೇ ಡಿಸ್ಟ್ರಿಕ್ಟನ್ನು ವಶಕ್ಕೆ ತೆಗೆದುಕೊಳ್ಳಬಹುದು. 2023ರಲ್ಲಿ ಹ್ಯೂಸ್ಟನ್‌ನಲ್ಲಿ ಹಾಗೇ ಆಯಿತು. ಚುನಾಯಿತ ಬೋರ್ಡ್ ಜಾಗದಲ್ಲಿ ರಾಜ್ಯ ನೇಮಿಸಿದವರು ಕೂತರು.

ಮೂರು ವರ್ಷದ ಹಿಂದೆ ನಮ್ಮ ಬೀದಿಗೂ ಇದೇ ಇಮೇಲ್ ಬಂದಿತ್ತು. ನಾನು ಪ್ರಿನ್ಸಿಪಾಲರಿಗೆ ಮೂರು ಪತ್ರ ಬರೆದೆ. ಪಾಪ, ಅವರು ಪ್ರತಿ ಸಲವೂ ಒಳ್ಳೆಯ ಮಾತಲ್ಲೇ ಉತ್ತರ ಕೊಟ್ಟರು, ಕೆಲಸ ಮಾತ್ರ ಆಗಲಿಲ್ಲ. ಕೊನೆಗೆ ಮೀಟಿಂಗಿಗೆ ಹೋದೆ. ಬಾಗಿಲ ಹತ್ತಿರ ಒಂದು ಚೀಟಿ ತುಂಬಬೇಕು: ಹೆಸರು, ವಿಳಾಸ, ಯಾವ ವಿಷಯ. ಮುಂದೆ ಒಂದು ಮೈಕು, ಅದರ ಮೇಲೆ ಮೂರು ಪುಟ್ಟ ದೀಪ. ಹಸಿರು ಅಂದರೆ ಮಾತಾಡಿ, ಹಳದಿ ಅಂದರೆ ಮುಗಿಸಿ, ಕೆಂಪು ಅಂದರೆ ಮುಗೀತು. ಒಟ್ಟು ಮೂರು ನಿಮಿಷ.

ಅವತ್ತು ಒಬ್ಬರಾದ ಮೇಲೆ ಒಬ್ಬರು ಎದ್ದು ಮನೆ ಬೆಲೆ ಬೀಳುತ್ತೆ ಅಂದರು. ಆ ಸ್ಕೂಲಿನ ರೇಟಿಂಗ್ ಹತ್ತಕ್ಕೆ ಐದು, ನಮ್ಮದು ಒಂಬತ್ತು ಅಂದರು. ನಾನೂ ಅದನ್ನೇ ಬರೆದುಕೊಂಡು ಹೋಗಿದ್ದೆ. ಕೇಳುತ್ತಾ ಕೇಳುತ್ತಾ ಮನಸ್ಸಿಗೆ ಕಸಿವಿಸಿಯಾಯಿತು. ಆ ಐದರ ಸ್ಕೂಲಿನ ಮಕ್ಕಳ ಅಪ್ಪ-ಅಮ್ಮಂದಿರೂ ಅದೇ ಹಾಲ್‌ನಲ್ಲಿ ಕೂತಿದ್ದರು. ಈ ದೇಶದಲ್ಲಿ ಗೆರೆ ಎಳೆಯುವುದರ ಹಿಂದೆ ದೊಡ್ಡ ನೋವಿದೆ. ಕರಿಯ ಮಕ್ಕಳಿಗೆ ಬೇರೆ ಶಾಲೆ ಇಡುವುದು ತಪ್ಪು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ 1974ರ ಡೆಟ್ರಾಯ್ಟ್ ಪ್ರಕರಣದಲ್ಲಿ ಅದೇ ಕೋರ್ಟು, ತಪ್ಪಿನಲ್ಲಿ ಪಾಲಿಲ್ಲದ ಅಕ್ಕಪಕ್ಕದ ಡಿಸ್ಟ್ರಿಕ್ಟ್‌ಗಳ ಗೆರೆ ದಾಟಿ ಮಕ್ಕಳನ್ನು ಬೆರೆಸುವಂತೆ ಹೇರುವಂತಿಲ್ಲ ಅಂದಿತು. ನಗರದಲ್ಲಿ ಕರಿಯ ಮಕ್ಕಳು, ಹೊರವಲಯದಲ್ಲಿ ಬಿಳಿಯ ಮಕ್ಕಳು, ನಡುವೆ ಗೆರೆ ಹಾಗೇ ಉಳಿಯಿತು. "ಆ ಸ್ಕೂಲಲ್ಲಿ ಅಂಥವರೇ ಜಾಸ್ತಿ" ಅಂತ ನಮ್ಮವರು ಊಟದ ಮನೆಯಲ್ಲಿ ಮೆಲ್ಲಗೆ ಹೇಳುವುದನ್ನು ಕೇಳಿದ್ದೇನೆ. ನೇರವಾಗಿಯೇ ಹೇಳುತ್ತೇನೆ, ಆ ಮಾತು ತಪ್ಪು. ಮೈಕಿನ ಮುಂದೆ ಅದನ್ನು ಎಷ್ಟು ನಯವಾಗಿ ಹೇಳಿದರೂ ಎಲ್ಲರಿಗೂ ಅರ್ಥವಾಗುತ್ತೆ.

ಅವತ್ತು ಚೆನ್ನಾಗಿ ಮಾತಾಡಿದ್ದು ಪಕ್ಕದ ಬೀದಿಯ ಒಬ್ಬ ಹೆಂಗಸು. ಮೈಸೂರಿನ ಕಡೆಯವರು, ಎಚ್1ಬಿಯವರ ಸಂಸಾರಕ್ಕೆ ಸಿಗುವ ಎಚ್4 ವೀಸಾ. ರೇಟಿಂಗ್ ಬಗ್ಗೆ ಒಂದು ಮಾತೂ ಇಲ್ಲ. ಹೊಸ ಸ್ಕೂಲಿಗೆ ಹೋಗಲು ಮಕ್ಕಳು ಆರು ಲೇನ್ ರಸ್ತೆ ದಾಟಬೇಕು, ಬೆಳಿಗ್ಗೆ ಏಳೂವರೆಗೆ ಅಲ್ಲಿ ಟ್ರಾಫಿಕ್ ಹೀಗಿರುತ್ತೆ ಅಂತ ಫೋಟೊ ಪ್ರಿಂಟ್ ಮಾಡಿ ತಂದು ಏಳು ಜನಕ್ಕೂ ಒಂದೊಂದು ಪ್ರತಿ ಕೊಟ್ಟರು. ನಾಲ್ಕು ಬೀದಿಗಳ ಹೆಸರು ಹೇಳಿದರು. ಹಳದಿ ದೀಪ ಬರುವ ಮೊದಲೇ ಮುಗಿಸಿದರು.

ಬೋರ್ಡ್‌ನವರು ಸುಮ್ನೆ ಕೂತಿರುತ್ತಾರೆ, ತಿರುಗಿ ಉತ್ತರ ಕೊಡುವುದಿಲ್ಲ. ನಮ್ಮನ್ನು ಕಡೆಗಣಿಸಿದರು ಅಂದುಕೊಳ್ಳಬೇಡಿ. ಅಜೆಂಡಾದಲ್ಲಿಲ್ಲದ ವಿಷಯ ಚರ್ಚಿಸಲು ಕಾನೂನು ಅವರಿಗೆ ಬಿಡುವುದಿಲ್ಲ, ಇರುವ ವಿಷಯದಲ್ಲೂ ಕೇಳಿಸಿಕೊಳ್ಳುವ ಹೊತ್ತಲ್ಲಿ ಬರೆದುಕೊಳ್ಳುವುದೇ ವಾಡಿಕೆ. ಇನ್ನೊಂದು ವಿಷಯ, ತೀರ್ಮಾನದ ದಿನ ಹೋದರೆ ತಡವಾಯಿತು ಅಂತಲೇ ಅರ್ಥ. ಕರಡು ನಕ್ಷೆ ತೋರಿಸುವ ಮೀಟಿಂಗಿಗೇ ಹೋಗಿ. ನಿಮಗೆ ಬಂದ ಇಮೇಲ್‌ನಲ್ಲಿ "ಕಳಿಸಬೇಕಾಗಬಹುದು" ಅಂತಿದ್ದರೆ ನೀವಿನ್ನೂ ಆ ಹಂತದಲ್ಲೇ ಇದ್ದೀರಿ.

ಗೆರೆ ಬದಲಾಗಿಯೇ ಬಿಟ್ಟರೆ? ಕೊನೆಯ ತರಗತಿಯ ಮಕ್ಕಳನ್ನು ಹಳೇ ಸ್ಕೂಲಲ್ಲೇ ಮುಗಿಸಲು ಎಷ್ಟೋ ಡಿಸ್ಟ್ರಿಕ್ಟ್‌ಗಳು ಬಿಡುತ್ತವೆ. ಇದಕ್ಕೆ ಗ್ರ್ಯಾಂಡ್‌ಫಾದರಿಂಗ್ ಅನ್ನುತ್ತಾರೆ. ತಮ್ಮ-ತಂಗಿಗೂ ಅದು ಸಿಗುತ್ತಾ ಅಂತ ಬೇರೆಯಾಗಿ ಕೇಳಿ. ಟ್ರಾನ್ಸ್‌ಫರ್ ಅರ್ಜಿಯೂ ಹಾಕಬಹುದು, ಸಿಕ್ಕರೆ ಬಸ್ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ, ನೀವೇ ಬಿಡಬೇಕು. ಮಗುವಿಗೆ ವಿಶೇಷ ಶಿಕ್ಷಣದ ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ, ಇದ್ದರೆ ಆ ಸೌಲಭ್ಯಗಳನ್ನು ಹೊಸ ಸ್ಕೂಲೂ ಕೊಡಲೇಬೇಕು.

ಸ್ನೇಹಿತರ ವಿಳಾಸ ಕೊಟ್ಟು ಹಳೇ ಸ್ಕೂಲಲ್ಲೇ ಉಳಿಸುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಹಾಯೊದ ಆಕ್ರನ್‌ನಲ್ಲಿ ಒಬ್ಬ ತಾಯಿ ತನ್ನ ತಂದೆಯ ವಿಳಾಸ ಕೊಟ್ಟು ಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟ್‌ಗೆ ಕಳಿಸಿದ್ದಕ್ಕೆ 2011ರಲ್ಲಿ ಜೈಲಿಗೆ ಹೋದರು. ಗವರ್ನರ್ ಆಮೇಲೆ ಅಪರಾಧದ ದರ್ಜೆ ಇಳಿಸಿದರು, ಆದರೆ ಜೈಲುವಾಸ ಮುಗಿದಾಗಿತ್ತು. ಅವರು ಅಮೆರಿಕದ ಪ್ರಜೆ. ವೀಸಾದಲ್ಲಿರುವವರ ಕಷ್ಟ ಅದಕ್ಕಿಂತ ದೊಡ್ಡದಾಗುತ್ತೆ.

ನಮ್ಮೂರಲ್ಲಿ ಒಂದು ತಿಂಗಳಾದ ಮೇಲೆ ಎರಡನೇ ನಕ್ಷೆ ಬಂತು. ಆ ಮೈಸೂರಿನವರು ಹೆಸರು ಹೇಳಿದ್ದ ನಾಲ್ಕೂ ಬೀದಿ ಹಳೇ ಸ್ಕೂಲಿಗೇ ವಾಪಸ್ ಬಂದಿದ್ದವು. ನಮ್ಮ ಬೀದಿಯ ಹೆಸರು ಅವತ್ತು ಯಾರೂ ಹೇಳಿರಲಿಲ್ಲ. ಮಗಳು ಈಗ 7:10ರ ಬಸ್ಸಿಗೆ ಹೋಗುತ್ತಾಳೆ.