ತೀರ್ಮಾನ ಊರಿನದು, ಕಡತ ಒಕ್ಕೂಟದ್ದು

ಜರ್ಮನಿಯ ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದಲ್ಲಿ ಹಳ್ಳಿಗಳ ಬಡಾವಣೆ ಯೋಜನೆಗಳನ್ನು ಸಿದ್ಧಪಡಿಸುವ ಖಾಸಗಿ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ನಮಗೆ ಕೆಲಸ ಕೊಡುವುದು ಮುನ್ನೂರು ನಾನ್ನೂರು ಜನರಿರುವ ಒಂದು ಹಳ್ಳಿ. ಆದರೆ ಪತ್ರ ಬರೆಯುವುದು, ಫೋನು ಮಾಡುವುದು, ಗಡುವು ನೆನಪಿಸುವುದು ಎಲ್ಲವೂ ಹತ್ತಾರು ಕಿಲೋಮೀಟರ್ ಆಚೆಯ ಪೇಟೆಯಲ್ಲಿರುವ ಇನ್ನೊಂದು ಕಚೇರಿಯವರು. ನಮ್ಮ ಬಿಲ್ಲನ್ನು ಹಳ್ಳಿಯ ಹೆಸರಿಗೆ ಬರೆದು ಆ ಪೇಟೆಯ ವಿಳಾಸಕ್ಕೆ ಕಳುಹಿಸಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ತಿರುವುಮುರುವು ಮಾಡಿ, ಒಂದು ಬಿಲ್ಲು ಎರಡು ಬಾರಿ ವಾಪಸು ಬಂದಿತ್ತು. ಪೇಟೆಯಲ್ಲಿರುವ ಆ ಸಂಸ್ಥೆಯ ಹೆಸರು ಫೆರ್ಬಾಂಡ್ಸ್‌ಗೆಮೈಂಡ, ಅಂದರೆ ಊರುಗಳ ಒಕ್ಕೂಟ. ಅದರೊಳಗಿನ ಪ್ರತಿಯೊಂದು ಹಳ್ಳಿಯೂ ಓರ್ಟ್ಸ್‌ಗೆಮೈಂಡ ಎನಿಸಿಕೊಳ್ಳುತ್ತದೆ.

ಇದನ್ನು ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಲು ಮನಸ್ಸಾಗುತ್ತದೆ, ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಕರ್ನಾಟಕದಲ್ಲಿ ಹಲವು ಹಳ್ಳಿಗಳು ಸೇರಿದರೆ ಒಂದು ಪಂಚಾಯಿತಿಯಾಗುತ್ತದೆ, ಆ ಹಳ್ಳಿಗಳಿಗೆ ಪ್ರತ್ಯೇಕ ಪರಿಷತ್ತಾಗಲಿ ಪ್ರತ್ಯೇಕ ಆಯವ್ಯಯವಾಗಲಿ ಇರುವುದಿಲ್ಲ. ಇಲ್ಲಿ ಹಾಗಲ್ಲ. ಒಕ್ಕೂಟಕ್ಕೆ ಸೇರಿದ ಮೇಲೂ ಪ್ರತಿ ಹಳ್ಳಿ ಕಾನೂನಿನ ಕಣ್ಣಿನಲ್ಲಿ ಸ್ವತಂತ್ರ ಸ್ಥಳೀಯ ಸಂಸ್ಥೆಯಾಗಿಯೇ ಉಳಿಯುತ್ತದೆ. ಅದಕ್ಕೆ ತನ್ನದೇ ಪರಿಷತ್ತು, ತನ್ನದೇ ಮೇಯರ್, ತನ್ನದೇ ಆಸ್ತಿ, ತನ್ನದೇ ಸಾಲ. ಆಲ್ಫ್ಲೆನ್ ಎಂಬ ಹಳ್ಳಿಯ ಸುತ್ತಿನ ಐಫೆಲ್ ಗುಡ್ಡಗಾಡಿನಲ್ಲಿ ಇಂಥ ಊರುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ವಿಟ್ಲಿಶ್-ಲಾಂಡ್ ಒಕ್ಕೂಟಕ್ಕೆ ಸೇರಿದ ಡೀರ್‌ಫೆಲ್ಡ್ ಎಂಬ ಊರಿನ ಜನಸಂಖ್ಯೆ ಹತ್ತರ ಆಸುಪಾಸು, ಅದೂ ಸ್ವತಂತ್ರ ಸ್ಥಳೀಯ ಸಂಸ್ಥೆಯೇ.

ಸುಮಾರು 41 ಲಕ್ಷ ಜನರಿರುವ ಈ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳ ಸಂಖ್ಯೆ 2,300ರಷ್ಟಿದೆ. ಪಕ್ಕದ ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ 1.8 ಕೋಟಿ ಜನರಿದ್ದರೂ ಅವು ಕೇವಲ 396. 1960 ಮತ್ತು 1970ರ ದಶಕಗಳಲ್ಲಿ ಸಣ್ಣ ಊರುಗಳಿಗೆ ಆಡಳಿತದ ಹೊರೆ ಹೊರಲಾಗುತ್ತಿಲ್ಲ ಎಂಬ ಮಾತು ಜರ್ಮನಿಯ ಎಲ್ಲೆಡೆ ಎದ್ದಾಗ, ಪಕ್ಕದ ರಾಜ್ಯ ಹಳ್ಳಿಗಳನ್ನು ವಿಲೀನಗೊಳಿಸಿತು. ಈ ರಾಜ್ಯ ಬಹುಪಾಲು ಹಳ್ಳಿಗಳನ್ನು ಹಾಗೆಯೇ ಬಿಟ್ಟು, 1968ರಿಂದ ಮೊದಲುಗೊಂಡು ಅವುಗಳ ಮೇಲೆ ಒಕ್ಕೂಟವನ್ನು ಕೂರಿಸಿತು. ಮುಂದೆ 2010ರ ಕಾನೂನು ಒಕ್ಕೂಟವೊಂದರಲ್ಲಿ ಸಾಮಾನ್ಯವಾಗಿ 12,000 ಜನರಾದರೂ ಇರಬೇಕೆಂದು ಹೇಳಿದ ಮೇಲೆ ಒಕ್ಕೂಟಗಳೇ ಒಂದರೊಳಗೊಂದು ಸೇರಿಕೊಂಡು, 163 ಇದ್ದವು 129ಕ್ಕೆ ಇಳಿದವು.

ಕೆಲಸದ ಹಂಚಿಕೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರಾಥಮಿಕ ಶಾಲೆ, ಅಗ್ನಿಶಾಮಕ ದಳ, ಕುಡಿಯುವ ನೀರು, ಒಳಚರಂಡಿ, ಸಣ್ಣ ಹಳ್ಳಗಳ ನಿರ್ವಹಣೆ ಇವು ಒಕ್ಕೂಟದ ಸ್ವಂತ ಜವಾಬ್ದಾರಿ. ಊರೊಳಗಿನ ಬೀದಿ, ಸ್ಮಶಾನ, ಸಮುದಾಯ ಭವನ, ಮಕ್ಕಳ ಆಟದ ಮೈದಾನ, ಮನೆ ಎಲ್ಲಿ ಕಟ್ಟಬಹುದು ಎಂಬ ಬಡಾವಣೆ ಯೋಜನೆ ಇವು ಹಳ್ಳಿಯವು. ಒಕ್ಕೂಟದ ಮೇಯರ್ ಪೂರ್ಣಾವಧಿಯ ಸಂಬಳದ ಹುದ್ದೆಯವರು, ಎಂಟು ವರ್ಷಕ್ಕೆ ಜನರಿಂದ ನೇರವಾಗಿ ಆಯ್ಕೆಯಾಗುತ್ತಾರೆ. ಹಳ್ಳಿಯ ಮೇಯರ್ ಐದು ವರ್ಷಕ್ಕೆ ಆಯ್ಕೆಯಾಗುತ್ತಾರೆ. ಅವರದು ಗೌರವ ಹುದ್ದೆ, ಹಗಲೆಲ್ಲ ಹೊಟ್ಟೆಪಾಡಿನ ಬೇರೆ ಕೆಲಸ.

ಈ ಏರ್ಪಾಡಿನ ಕೀಲು ಇರುವುದು ರಾಜ್ಯದ ಸ್ಥಳೀಯಾಡಳಿತ ಕಾನೂನಿನ 68ನೇ ಕಲಮಿನಲ್ಲಿ. ಹಳ್ಳಿಯ ಆಡಳಿತ ವ್ಯವಹಾರವನ್ನು ಒಕ್ಕೂಟದ ಕಚೇರಿ ಹಳ್ಳಿಯ ಹೆಸರಿನಲ್ಲಿ, ಹಳ್ಳಿಯ ಪರವಾಗಿ ನಡೆಸಬೇಕು. ಹಾಗೆ ನಡೆಸುವಾಗ ಹಳ್ಳಿಯ ಪರಿಷತ್ತಿನ ನಿರ್ಣಯಗಳಿಗೂ ಅಲ್ಲಿನ ಮೇಯರರ ತೀರ್ಮಾನಗಳಿಗೂ ಅದು ಬದ್ಧವಾಗಿರಬೇಕು ಎಂದು ಆ ಕಲಮು ಹೇಳುತ್ತದೆ. ಹಳ್ಳಿಯ ಖಾತೆ ಬರೆಯುವುದು, ನೋಟಿಸು ಕಳುಹಿಸುವುದು, ನ್ಯಾಯಾಲಯದಲ್ಲಿ ಹಳ್ಳಿಯ ಪರ ನಿಲ್ಲುವುದು ಎಲ್ಲವೂ ಒಕ್ಕೂಟದ ಕೆಲಸ. ವ್ಯಾಜ್ಯ ಅದೇ ಒಕ್ಕೂಟದ ಎರಡು ಹಳ್ಳಿಗಳ ನಡುವೆ ಇದ್ದರೆ ಅಥವಾ ಒಕ್ಕೂಟದ ಮೇಲೆಯೇ ಇದ್ದರೆ ಮಾತ್ರ ಅದು ಹಳ್ಳಿಯ ಪರ ನಿಲ್ಲುವಂತಿಲ್ಲ. ಇಷ್ಟು ಮುಂದಾಲೋಚನೆ ಮಾಡಿ ಬರೆದವರು ಹಳ್ಳಿಗಳ ಜಗಳವನ್ನು ಹತ್ತಿರದಿಂದ ಕಂಡವರೇ ಇರಬೇಕು.

ಒಂದು ಸಭೆಯ ಕಥೆ ಹೇಳಿದರೆ ಇದು ನಡೆಯುವ ಬಗೆ ತಿಳಿಯುತ್ತದೆ. ಊರಿನ ಜನಸಂಖ್ಯೆ 300ರಿಂದ 500ರ ನಡುವೆ ಇದ್ದುದರಿಂದ ಕಾನೂನಿನ ಪ್ರಕಾರ ಪರಿಷತ್ತಿನಲ್ಲಿ 8 ಸದಸ್ಯರು. ಸಭೆ ರಾತ್ರಿ ಏಳೂವರೆಗೆ, ಅಗ್ನಿಶಾಮಕ ಗಾಡಿ ನಿಲ್ಲುವ ಕಟ್ಟಡದ ಮೇಲಿನ ಕೋಣೆಯಲ್ಲಿ. ಊರಂಚಿನಲ್ಲಿ ಹನ್ನೊಂದು ನಿವೇಶನಗಳ ಸಣ್ಣ ಬಡಾವಣೆ ಮಾಡುವ ವಿಷಯ. ಮೇಯರ್ ವಿಷಯ ಸಂಖ್ಯೆ ಓದಿದ ಕೂಡಲೇ ಒಬ್ಬೊಬ್ಬರಾಗಿ ಐದು ಜನ ಮೇಜು ಬಿಟ್ಟೆದ್ದು, ಗೋಡೆಯ ಬದಿಯಲ್ಲಿ ಸಾರ್ವಜನಿಕರಿಗೆಂದು ಹಾಕಿದ್ದ ಕುರ್ಚಿಗಳಲ್ಲಿ ಹೋಗಿ ಕುಳಿತರು. ಒಬ್ಬರದು ಆ ಜಮೀನು, ಇನ್ನೊಬ್ಬರು ಅವರ ಸೋದರಳಿಯ, ಮತ್ತೊಬ್ಬರದು ಪಕ್ಕದ ಹೊಲ. ಸ್ವಂತ ಲಾಭನಷ್ಟವಿರುವ ಸದಸ್ಯ ಮಾತ್ರವಲ್ಲ, ಮೂರನೇ ದರ್ಜೆಯವರೆಗಿನ ರಕ್ತಸಂಬಂಧಿಗೆ ಲಾಭನಷ್ಟವಿದ್ದರೂ ಅವರು ಚರ್ಚೆಯಲ್ಲಾಗಲಿ ಮತದಾನದಲ್ಲಾಗಲಿ ಭಾಗವಹಿಸುವಂತಿಲ್ಲ. ಭಾಗವಹಿಸಿದರೆ ಇಡೀ ಯೋಜನೆ ಬಿದ್ದುಹೋಗುವ ಅಪಾಯವಿದೆ. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಊರಿನಲ್ಲಿ ಈ ನಿಯಮ ಪಾಲಿಸಿದರೆ ಮೇಜಿನ ಸುತ್ತ ಯಾರೂ ಉಳಿಯದೆ ಹೋಗಬಹುದು. ಅದಕ್ಕೆಂದೇ ಇಂಥ ಸಂದರ್ಭದಲ್ಲಿ ಮೂರನೇ ಒಂದರಷ್ಟು ಸದಸ್ಯರಿದ್ದರೂ ಕೋರಂ ಆಗುತ್ತದೆ. ಆ ರಾತ್ರಿ ಉಳಿದವರು ಮೂವರು. ಒಬ್ಬರು ನೀರು ಕುಡಿಯಲು ಎದ್ದಿದ್ದರೂ ಸಭೆ ನಿಲ್ಲುತ್ತಿತ್ತು.

ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಡಾವಳಿ ಬರೆಯುತ್ತಿದ್ದವರು ಒಕ್ಕೂಟದ ಕಟ್ಟಡ ವಿಭಾಗದ ನೌಕರರು. ಯಾರು ಏಳಬೇಕು ಎಂಬ ಪಟ್ಟಿಯನ್ನು ಸಭೆಗೆ ಮುಂಚೆಯೇ ಮಾಡಿಕೊಂಡು ಬಂದವರೂ ಅವರೇ. ಕರಡು ನಿರ್ಣಯ ಅವರದು, ಅದರ ಕಾನೂನಿನ ಆಧಾರ ಅವರು ಹುಡುಕಿದ್ದು. ಅವರಿಗೆ ಮತವಿಲ್ಲ. ಆದರೂ ಮೇಜಿನ ಸುತ್ತ ಕುಳಿತವರು ಕಟ್ಟಡ ಕಾನೂನಿನ ಕಲಮುಗಳ ಬಗ್ಗೆ ಸಂಶಯ ಬಂದಾಗಲೆಲ್ಲ ಆ ಮೂಲೆಯತ್ತ ತಿರುಗುತ್ತಿದ್ದರು. ಊರಂಚಿನ ಸಣ್ಣ ಬಡಾವಣೆಗಳಿಗೆ ಪರಿಸರ ಪರಿಶೀಲನೆಯಿಂದ ವಿನಾಯಿತಿ ಕೊಟ್ಟಿದ್ದ, 2017ರಲ್ಲಿ ಸೇರಿಸಿದ 13ಬಿ ಕಲಮು ಐರೋಪ್ಯ ಕಾನೂನಿಗೆ ವಿರುದ್ಧವೆಂದು ಜರ್ಮನಿಯ ಕೇಂದ್ರ ಆಡಳಿತ ನ್ಯಾಯಾಲಯ 2023ರ ಜುಲೈ 18ರಂದು ತೀರ್ಪು ನೀಡಿದಾಗ, ಅದನ್ನು ನೆಚ್ಚಿಕೊಂಡಿದ್ದ ಹಳ್ಳಿಗಳ ಯೋಜನೆಗಳು ನಡುದಾರಿಯಲ್ಲಿ ನಿಂತುಬಿಟ್ಟವು. ಅದರ ಅರ್ಥವೇನೆಂದು ಹಳ್ಳಿಯ ಮೇಯರ್‌ಗಳಿಗೆ ತಿಳಿಸಿ ಹೇಳಬೇಕಾದವರು ಒಕ್ಕೂಟದವರೇ. ಕರಡು ಬರೆಯುವವನ ಕೈಯಲ್ಲಿ ತೀರ್ಮಾನದ ಅರ್ಧ ಪಾಲು ಇರುತ್ತದೆ ಎಂಬುದು ನನ್ನ ಅನುಭವ. ಒಳ್ಳೆಯ ನೌಕರ ಎರಡು ಮೂರು ದಾರಿಗಳನ್ನು ಬರೆದು ತಂದು ಪರಿಷತ್ತಿನ ಮುಂದಿಡುತ್ತಾನೆ. ಅವಸರದವನು ಒಂದನ್ನೇ ಬರೆದು ತರುತ್ತಾನೆ, ಆಗ ಮತದಾನ ಶಾಸ್ತ್ರಕ್ಕೆ ನಡೆಯುತ್ತದೆ.

ಈ ಆತಂಕ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ನ್ಯಾಯಾಲಯದವರೆಗೂ ಹೋಗಿತ್ತು. ಅಲ್ಲಿನ ಒಕ್ಕೂಟಕ್ಕೆ ಆಮ್ಟ್ ಎಂದು ಹೆಸರು. ಅದರ ಸಮಿತಿಯನ್ನು ಜನ ನೇರವಾಗಿ ಆರಿಸುವುದಿಲ್ಲ, ಹಳ್ಳಿಗಳ ಮೇಯರ್‌ಗಳೂ ದೊಡ್ಡ ಊರುಗಳು ಕಳುಹಿಸುವ ಹೆಚ್ಚುವರಿ ಸದಸ್ಯರೂ ಸೇರಿ ಸಮಿತಿಯಾಗುತ್ತದೆ. ಹಳ್ಳಿಗಳು ಒಂದೊಂದಾಗಿ ತಮ್ಮ ಕೆಲಸಗಳನ್ನು ಆಮ್ಟ್‌ಗೆ ಒಪ್ಪಿಸುತ್ತ ಹೋದರೆ, ಜನರಿಂದ ನೇರವಾಗಿ ಆಯ್ಕೆಯಾಗದ ಸಂಸ್ಥೆಯೊಂದು ಊರನ್ನು ಆಳಿದಂತಾಗುತ್ತದೆ, ಅದಕ್ಕೆ ಸಂವಿಧಾನದಲ್ಲಿ ಅವಕಾಶವಿಲ್ಲ ಎಂಬ ತೀರ್ಪನ್ನು ಆ ರಾಜ್ಯದ ಸಾಂವಿಧಾನಿಕ ನ್ಯಾಯಾಲಯ 2010ರ ಫೆಬ್ರವರಿಯಲ್ಲಿ ನೀಡಿತು. ಆ ಬಳಿಕ ತಿದ್ದಿದ ಕಾನೂನು ಹಾಗೆ ಒಪ್ಪಿಸಬಹುದಾದ ಕೆಲಸಗಳನ್ನು ಹೆಚ್ಚೆಂದರೆ ಐದಕ್ಕೆ ಮಿತಿಗೊಳಿಸಿದೆ. ನಮ್ಮ ರಾಜ್ಯದಲ್ಲಿ ಒಕ್ಕೂಟದ ಪರಿಷತ್ತನ್ನೂ ಜನರೇ ಆರಿಸುವುದರಿಂದ ಆ ತಕರಾರು ಏಳುವುದಿಲ್ಲ.

ಒಕ್ಕೂಟವೇ ತೀರ್ಮಾನಿಸುವ ವಿಷಯದಲ್ಲೂ ಹಳ್ಳಿಯ ಮಾತಿಗೆ ತೂಕವಿಟ್ಟ ಒಂದು ನಿಯಮ ನನಗೆ ಬಲು ಇಷ್ಟ. ಎಲ್ಲ ಹಳ್ಳಿಗಳ ನೆಲವನ್ನು ಒಟ್ಟಿಗೆ ಇಟ್ಟು ಹೊಲವೆಲ್ಲಿ, ಮನೆಯೆಲ್ಲಿ, ಗಾಳಿಯಂತ್ರವೆಲ್ಲಿ ಎಂದು ಗುರುತಿಸುವ ಭೂಬಳಕೆ ಯೋಜನೆ ಒಕ್ಕೂಟದ್ದು. ಆದರೆ ಅದರ ಅಂತಿಮ ನಿರ್ಣಯಕ್ಕೆ ಹಳ್ಳಿಗಳ ಒಪ್ಪಿಗೆ ಬೇಕು. ಅರ್ಧಕ್ಕಿಂತ ಹೆಚ್ಚು ಹಳ್ಳಿಗಳು ಒಪ್ಪಿರಬೇಕು, ಹಾಗೆ ಒಪ್ಪಿದ ಹಳ್ಳಿಗಳಲ್ಲಿ ಒಕ್ಕೂಟದ ಮೂರನೇ ಎರಡಕ್ಕಿಂತ ಹೆಚ್ಚು ಜನ ವಾಸವಾಗಿರಬೇಕು. ದೊಡ್ಡ ಪೇಟೆಯೊಂದೇ ತನ್ನ ಜನಬಲದಿಂದ ಗೆಲ್ಲುವಂತಿಲ್ಲ, ಸಣ್ಣ ಹಳ್ಳಿಗಳೆಲ್ಲ ಗುಂಪು ಕಟ್ಟಿಕೊಂಡು ಪೇಟೆಯನ್ನು ಸೋಲಿಸುವಂತೆಯೂ ಇಲ್ಲ. ಗಾಳಿಯಂತ್ರಗಳ ವಿಷಯದಲ್ಲಿ ಇದು ಕಾಗದದ ಮೇಲಿನ ಮಾತಾಗಿ ಉಳಿಯುವುದಿಲ್ಲ, ಏಕೆಂದರೆ ಯಂತ್ರ ತನ್ನ ಜಮೀನಿನಲ್ಲಿ ನಿಂತರೆ ಹಳ್ಳಿಗೆ ವರ್ಷವರ್ಷವೂ ಗುತ್ತಿಗೆ ಹಣ ಬರುತ್ತದೆ. ಪಕ್ಕದ ಹಳ್ಳಿಗೆ ಕಾಣುವುದು ತಿರುಗುವ ರೆಕ್ಕೆ ಮಾತ್ರ. ಈಗ ವಿದ್ಯುತ್ ಕಂಪನಿಗಳು ಯಂತ್ರದಿಂದ 2,500 ಮೀಟರ್ ಒಳಗಿನ ಸ್ಥಳೀಯ ಸಂಸ್ಥೆಗಳಿಗೆ ಯೂನಿಟ್ಟಿಗೆ 0.2 ಸೆಂಟ್‌ವರೆಗೆ ಕೊಡಲು ಕಾನೂನಿನಲ್ಲಿ ಅವಕಾಶವಿರುವುದರಿಂದ ಹೊಟ್ಟೆಯುರಿ ಕೊಂಚ ತಣ್ಣಗಾಗಿದೆ.

ಹಣದ ಮಾತು ಬಂದಾಗ ಹಳ್ಳಿಯ ಮೇಯರ್‌ಗಳ ಮುಖ ಬಾಡುತ್ತದೆ. ಆಸ್ತಿ ತೆರಿಗೆ, ವ್ಯಾಪಾರ ತೆರಿಗೆ, ಆದಾಯ ತೆರಿಗೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆಂದು ತೆಗೆದಿಡುವ ಶೇಕಡಾ 15ರಲ್ಲಿ ತನ್ನ ಪಾಲು ಇವೆಲ್ಲ ಮೊದಲು ಹಳ್ಳಿಯ ಲೆಕ್ಕಕ್ಕೇ ಜಮೆಯಾಗುತ್ತವೆ. ಆಮೇಲೆ ಜಿಲ್ಲೆಗೊಂದು ವಂತಿಗೆ, ಒಕ್ಕೂಟಕ್ಕೊಂದು ವಂತಿಗೆ. ಎರಡೂ ಹೋದ ಮೇಲೆ ಕೈಯಲ್ಲಿ ಉಳಿಯುವುದು ಬೀದಿದೀಪಕ್ಕೂ ಸ್ಮಶಾನದ ಬೇಲಿಗೂ ಸಾಕಾಗುವಷ್ಟು.

ಇಂಥ ಹಳ್ಳಿಯ ಮೇಲೆ ದೊಡ್ಡ ಆಪತ್ತು ಬಂದೆರಗಿದರೆ ಏನಾಗುತ್ತದೆ ಎಂಬುದು 2021ರ ಜುಲೈ 14ರ ರಾತ್ರಿ ಆರ್ ನದಿಯ ಕಣಿವೆಯಲ್ಲಿ ಕಂಡಿತು. ಆಲ್ಟನಾರ್ ಒಕ್ಕೂಟದಲ್ಲಿ 12 ಹಳ್ಳಿಗಳು, ಒಟ್ಟು ಸುಮಾರು 11,000 ಜನ. ಪ್ರವಾಹದಲ್ಲಿ ಕೊಚ್ಚಿಹೋದ ಸೇತುವೆ, ಬೀದಿ, ಭವನಗಳಲ್ಲಿ ಬಹಳಷ್ಟು ಆಯಾ ಹಳ್ಳಿಯ ಆಸ್ತಿ. ಆದ್ದರಿಂದ ಹತ್ತಾರು ವರ್ಷಗಳ ಆಯವ್ಯಯಕ್ಕೆ ಸಮನಾದ ಕಾಮಗಾರಿಗಳಿಗೆ ಸಹಿ ಹಾಕಬೇಕಾಗಿ ಬಂದದ್ದು ಗೌರವ ಹುದ್ದೆಯ ಮೇಯರ್‌ಗಳಿಗೆ. ಹಣಕ್ಕೆ ಜರ್ಮನಿಯ ಕೇಂದ್ರ ಸರ್ಕಾರವೂ ರಾಜ್ಯಗಳೂ ಸೇರಿ 3,000 ಕೋಟಿ ಯೂರೋಗಳ ನಿಧಿ ಮಾಡಿದ್ದವು. ಕೊರತೆ ಇದ್ದದ್ದು ಅರ್ಜಿ ಬರೆಯುವ ಕೈಗಳದ್ದು. ರೆಶ್ ಎಂಬ ಪುಟ್ಟ ಹಳ್ಳಿಯಲ್ಲಿ 18ನೇ ಶತಮಾನದ ಕಲ್ಲಿನ ಸೇತುವೆ ಅರ್ಧ ಮುರಿದು ನಿಂತಿತ್ತು. ಸ್ಮಾರಕವೆಂದು ಅದನ್ನು ಉಳಿಸಬೇಕೆಂದವರಿದ್ದರು, ಮುಂದಿನ ಪ್ರವಾಹದಲ್ಲಿ ನೀರಿಗೆ ಅಡ್ಡವಾಗುತ್ತದೆ ಎಂದವರಿದ್ದರು. ಕೆಡವುವ ನಿರ್ಣಯ ತೆಗೆದುಕೊಂಡದ್ದು ಊರಿನ ಪರಿಷತ್ತು.

ಹನ್ನೊಂದು ನಿವೇಶನಗಳ ಆ ಯೋಜನೆಗೆ ಮರಳುತ್ತೇನೆ. ಪರಿಷತ್ತು ಅಂಗೀಕರಿಸಿದ ಮಾತ್ರಕ್ಕೆ ಯೋಜನೆ ಜಾರಿಗೆ ಬರುವುದಿಲ್ಲ. ಅಂಗೀಕಾರವಾದ ಹಾಳೆ ಇದೇ ಎಂದು ಹಳ್ಳಿಯ ಮೇಯರ್ ಸಹಿ, ಮೊಹರು, ದಿನಾಂಕ ಹಾಕಬೇಕು. ಆ ಬಳಿಕವೇ ಒಕ್ಕೂಟದ ವಾರಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪತ್ರಿಕೆ ಮೊದಲು, ಸಹಿ ಆಮೇಲೆ ಆಗಿದ್ದ ಒಂದು ಯೋಜನೆಯ ಕೊನೆಯ ಹಂತವನ್ನು ನಾವು ಮತ್ತೆ ಮಾಡಬೇಕಾಗಿ ಬಂದಿತ್ತು, ಅಷ್ಟರಲ್ಲಿ ಒಬ್ಬರು ಪಾಯ ತೋಡಿಸಿಯೂ ಆಗಿತ್ತು. ಹಾಗಾಗಿ ಈ ಸಲ ಪತ್ರಿಕೆ ಹೊರಡುವ ವಾರದ ಮೊದಲ ದಿನವೇ ನಕ್ಷೆಯನ್ನು ಸುತ್ತಿಕೊಂಡು ನಾನೇ ಮೇಯರರ ಮನೆಗೆ ಹೋದೆ. ಅವರು ಮನೆಗಳಿಗೆ ಹೀಟರ್ ಜೋಡಿಸುವ ಕೆಲಸದವರು, ಆಗಷ್ಟೇ ಬಂದಿದ್ದರು. ಕೈ ತೊಳೆದು, ಅಡುಗೆಮನೆಯ ಮೇಜನ್ನು ಒರೆಸಿ ಹಾಳೆ ಹರಡಿಕೊಂಡರು. ಊರಿನ ಮೊಹರು ಚಮಚಗಳಿರುವ ಡ್ರಾಯರ್‌ನ ಹಿಂಬದಿಯಲ್ಲಿತ್ತು. ಸಹಿ ಹಾಕಿ, ಮೊಹರು ಒತ್ತಿ, "ಇವತ್ತು ತಾರೀಕು ಎಷ್ಟು?" ಎಂದು ಕೇಳಿದರು. ನಾನು ಫೋನು ತೆಗೆದು ನೋಡಿಯೇ ಹೇಳಿದೆ.