ಪೋರ್ತೊಫೆರಾಯೊದಲ್ಲಿ ನೆಪೋಲಿಯನ್ ಇದ್ದ ಜೈಲು ಎಲ್ಲಿದೆ?

ಓದುಗರ ಪ್ರಶ್ನೆ: ಇಟಲಿ ಪ್ರವಾಸದಲ್ಲಿ ಎಲ್ಬಾ ದ್ವೀಪಕ್ಕೂ ಹೋಗೋಣ ಅಂದುಕೊಂಡಿದ್ದೇವೆ. ಪೋರ್ತೊಫೆರಾಯೊ ಊರಲ್ಲಿ ನೋಡುವಂಥ ಹಳೆಯ ಜಾಗಗಳು ಯಾವುವು? ನೆಪೋಲಿಯನ್ನನನ್ನು ಕೂಡಿಹಾಕಿದ್ದ ಜೈಲಿನ ಒಳಗೆ ಬಿಡುತ್ತಾರಾ?

ಮೊದಲನೇ ಪ್ರಶ್ನೆಗೆ ಖುಷಿಯಿಂದ ಉತ್ತರ ಹೇಳಬಹುದು. ಎರಡನೆಯದಕ್ಕೆ ಹೇಳಿ ಹೇಳಿ ಸಾಕಾಗಿದೆ. ಒಳಗೆ ಬಿಡುವುದಿಲ್ಲ, ಯಾಕೆಂದರೆ ಅಂಥ ಜೈಲೇ ಇಲ್ಲ. ಯಾವತ್ತೂ ಇರಲಿಲ್ಲ.

ನೆಪೋಲಿಯನ್ ಎಲ್ಬಾದಲ್ಲಿ ಕೈದಿಯಾಗಿರಲಿಲ್ಲ. ಅಲ್ಲಿನ ದೊರೆಯಾಗಿದ್ದ. 1814ರ ಏಪ್ರಿಲ್‌ನಲ್ಲಿ ಆದ ಒಪ್ಪಂದದ ಪ್ರಕಾರ ಅವನು ಫ್ರಾನ್ಸಿನ ಗಾದಿ ಬಿಟ್ಟುಕೊಟ್ಟ. ಬದಲಿಗೆ ಎಲ್ಬಾ ದ್ವೀಪ ಅವನಿಗೆ ಸಿಕ್ಕಿತು. ಚಕ್ರವರ್ತಿ ಅನ್ನೋ ಬಿರುದು ಹಾಗೇ ಉಳಿಯಿತು. ಫ್ರಾನ್ಸ್ ಅವನಿಗೆ ವರ್ಷಕ್ಕೆ 20 ಲಕ್ಷ ಫ್ರಾಂಕ್ ಕೊಡಬೇಕು ಅಂತಲೂ ಬರೆದುಕೊಂಡಿದ್ದರು. ಯಾವ ಕೈದಿಗೆ ಸರ್ಕಾರ ಸಂಬಳ ಗೊತ್ತು ಮಾಡುತ್ತೆ ಹೇಳಿ.

ಅವನು ಬಂದದ್ದು ಬ್ರಿಟಿಷರ ಹಡಗಿನಲ್ಲಿ, ನಿಜ. ಆದರೆ ದಾರಿಯಲ್ಲೇ ತನ್ನ ಹೊಸ ರಾಜ್ಯಕ್ಕೆ ಬಾವುಟ ಗೊತ್ತು ಮಾಡಿದ. ಬಿಳಿ ಬಟ್ಟೆ, ಅದರ ಮೇಲೆ ಓರೆಯಾಗಿ ಕೆಂಪು ಪಟ್ಟಿ, ಪಟ್ಟಿಯಲ್ಲಿ ಮೂರು ಬಂಗಾರದ ಜೇನುಹುಳ. ಅದನ್ನು ಹೊಲಿದವನು ಆ ಬ್ರಿಟಿಷ್ ಹಡಗಿನ ದರ್ಜಿಯೇ. 1814ರ ಮೇ 4ರಂದು ನೆಪೋಲಿಯನ್ ಪೋರ್ತೊಫೆರಾಯೊದಲ್ಲಿ ಇಳಿದಾಗ ಕೋಟೆಯ ಮೇಲೆ ಆ ಬಾವುಟ ಹಾರುತ್ತಿತ್ತು. (ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ಕ್ಕೆ. ಅಲ್ಲಿಂದ ಲೆಕ್ಕ ಹಾಕಿದರೆ ಸರಿಯಾಗಿ ಹದಿನೈದು ವರ್ಷ. ಕಾಕತಾಳೀಯ ಅಷ್ಟೆ, ಇದಕ್ಕೊಂದು ಹೊಸ ಕಥೆ ಕಟ್ಟಬೇಡಿ.)

ಅವನ ಹತ್ತಿರ ಸ್ವಂತ ಸೈನ್ಯ ಇತ್ತು. ಇನ್‌ಕಾನ್ಸ್ಟಂಟ್ ಅನ್ನೋ ಯುದ್ಧನೌಕೆ ಇತ್ತು. ಅಮ್ಮ ಲೆಟೀಜಿಯಾ, ತಂಗಿ ಪೌಲೀನ್ ಬಂದು ಜೊತೆಗಿದ್ದರು. ಅವನು ರಸ್ತೆ ಹಾಕಿಸಿದ, ಬೀದಿ ಗುಡಿಸೋ ವ್ಯವಸ್ಥೆ ಮಾಡಿಸಿದ. ಕಣ್ಣಿಡಲು ನೀಲ್ ಕ್ಯಾಂಪ್‌ಬೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ಇದ್ದ, ಆದರೆ ಅವನು ಜೈಲರ್ ಅಲ್ಲ. ನೆಪೋಲಿಯನ್ ಹೊರಟ ದಿನ ಈ ಕ್ಯಾಂಪ್‌ಬೆಲ್ ದ್ವೀಪದಲ್ಲೇ ಇರಲಿಲ್ಲ, ಇಟಲಿಯ ನೆಲದ ಕಡೆ ಹೋಗಿದ್ದ! 1815ರ ಫೆಬ್ರವರಿ 26ರ ರಾತ್ರಿ ನೆಪೋಲಿಯನ್ ಸುಮಾರು ಸಾವಿರ ಸೈನಿಕರನ್ನು ಹಡಗುಗಳಿಗೆ ಹತ್ತಿಸಿಕೊಂಡು ಫ್ರಾನ್ಸಿಗೆ ಹೊರಟ. ಕಂಬಿ ಮುರಿದು ಓಡಿಹೋಗುವವನು ಸಾವಿರ ಜನರನ್ನು ಕರೆದುಕೊಂಡು ಹೋಗುತ್ತಾನಾ? ಹಾಗಂತ ಅವನು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು ಅಂತಲೂ ಅಲ್ಲ. ದ್ವೀಪ ಅವನದು, ಅದರಾಚೆಗಿನ ಯುರೋಪು ಅವನದಲ್ಲ. ಇಷ್ಟೇ ವಿಷಯ.

ಈ ಗೊಂದಲ ಹುಟ್ಟಿದ್ದು ಸೇಂಟ್ ಹೆಲೆನಾದಿಂದ. ವಾಟರ್ಲೂನಲ್ಲಿ ಸೋತ ಮೇಲೆ ಬ್ರಿಟಿಷರು ಅವನನ್ನು ನಿಜವಾಗಿ ಸೆರೆ ಇಟ್ಟದ್ದು ಅಲ್ಲಿ, ದಕ್ಷಿಣ ಅಟ್ಲಾಂಟಿಕ್ ನಡುವೆ. 1821ರ ಮೇ 5ರಂದು ಸತ್ತದ್ದೂ ಅಲ್ಲೇ. 1840ರಲ್ಲಿ ಶವವನ್ನು ಪ್ಯಾರಿಸ್‌ಗೆ ತಂದರು. ಹಾಗಾಗಿ ಎಲ್ಬಾದಲ್ಲಿ ಸಮಾಧಿಯೂ ಇಲ್ಲ. ಪೋರ್ತೊಫೆರಾಯೊದ ಮಿಸೆರಿಕೋರ್ದಿಯಾ ಚರ್ಚಿನಲ್ಲಿ ಸತ್ತ ನೆಪೋಲಿಯನ್ನನ ಮುಖದ ಅಚ್ಚಿನ ಪ್ರತಿಯೊಂದಿದೆ, ಪ್ರತಿ ಮೇ 5ಕ್ಕೆ ಅವನ ಹೆಸರಲ್ಲಿ ಪೂಜೆಯೂ ನಡೆಯುತ್ತೆ. ಅದನ್ನು ನೋಡಿ ಬಂದವರು ಊರಿಗೆ ಬಂದು "ಅಲ್ಲೇ ಸತ್ತನಂತೆ" ಅಂತ ಹಬ್ಬಿಸುತ್ತಾರೆ. ಮುಂದಿನ ತಿಂಗಳು ಅದೇ ಪ್ರಶ್ನೆ ನನಗೆ ಬರುತ್ತೆ.

ಈಗ ನೋಡುವ ಜಾಗಗಳಿಗೆ ಬರೋಣ. ಇಟಲಿಯ ನೆಲದ ಕಡೆಯ ಪಿಯೊಂಬಿನೊ ಬಂದರಿನಿಂದ ಫೆರ್ರಿ ಹತ್ತಿದರೆ ಸುಮಾರು ಒಂದು ಗಂಟೆ. ದಡಕ್ಕೆ ಬರುವಾಗ ಎದುರಿಗೆ ಕಾಣುವ ಕೋಟೆಗಳು ನೆಪೋಲಿಯನ್ನನವಲ್ಲ. ಫ್ಲಾರೆನ್ಸಿನ ಕೋಸಿಮೊ ದೆ ಮೆದಿಚಿ 1548ರಲ್ಲಿ ಕಟ್ಟಿಸಲು ಶುರುಮಾಡಿದ್ದು. ಫೋರ್ತೆ ಫಾಲ್ಕೊನೆ, ಫೋರ್ತೆ ಸ್ತೆಲ್ಲಾ, ನಡುವಿನ ಗೋಡೆಗಳು, ಎಲ್ಲ ನಡೆದೇ ನೋಡಬಹುದು. ಮೆಟ್ಟಿಲು ಜಾಸ್ತಿ, ಒಳ್ಳೆ ಶೂ ಹಾಕಿಕೊಳ್ಳಿ.

ಎರಡು ಕೋಟೆಗಳ ಮಧ್ಯೆ ಪಲಾತ್ಸಿನಾ ದೆಯಿ ಮುಲೀನಿ ಇದೆ. ಇದೇ ದೊರೆ ವಾಸ ಇದ್ದ ಮನೆ. ಅರಮನೆ ಅಂತ ದೊಡ್ಡ ನಿರೀಕ್ಷೆ ಇಟ್ಟುಕೊಂಡರೆ ಬೇಜಾರಾಗುತ್ತೆ. ಆದರೆ ಹಿಂದಿನ ತೋಟಕ್ಕೆ ಹೋಗಿ ನಿಂತರೆ ಕೆಳಗೆ ಸಮುದ್ರ. ಹತ್ತಿರದಲ್ಲೇ ವಿಜಿಲಾಂತಿ ನಾಟಕಶಾಲೆ. ಪಾಳುಬಿದ್ದ ಚರ್ಚನ್ನು ನೆಪೋಲಿಯನ್ ನಾಟಕಶಾಲೆ ಮಾಡಿಸಿದ. ಖರ್ಚಿಗೆ ದುಡ್ಡು? ಬಾಕ್ಸ್ ಸೀಟುಗಳನ್ನು ಊರಿನ ಅನುಕೂಲಸ್ಥರಿಗೆ ಮಾರಿ ಎತ್ತಿದ. ಫ್ರಾನ್ಸಿನ ಆ 20 ಲಕ್ಷ ಬರಲೇ ಇಲ್ಲ, ಪಾಪ ಇನ್ನೇನು ಮಾಡುತ್ತಾನೆ.

ಊರಿಂದ ಐದಾರು ಕಿಲೋಮೀಟರ್ ದೂರದಲ್ಲಿ ಸಾನ್ ಮಾರ್ತಿನೊ ಇದೆ, ಅವನ ಬೇಸಿಗೆ ಮನೆ. ಇಲ್ಲಿ ಒಂದು ಎಚ್ಚರಿಕೆ. ಎದುರಿಗೆ ಸಾಲು ಕಂಬ, ಹದ್ದು, ಜೇನುಹುಳ, ದೊಡ್ಡ 'ಎನ್' ಅಕ್ಷರ ಕಾಣುತ್ತಲ್ವಾ, ಎಲ್ಲರೂ ಅದರ ಮುಂದೆ ಫೋಟೊ ಹೊಡೆಸಿಕೊಳ್ಳುತ್ತಾರೆ. ಅದು ನೆಪೋಲಿಯನ್ ಸತ್ತು ಎಷ್ಟೋ ವರ್ಷದ ಮೇಲೆ ರಷ್ಯಾದ ಶ್ರೀಮಂತ ಅನತೋಲ್ ದೆಮಿದೋಫ್ ಕಟ್ಟಿಸಿದ ಗ್ಯಾಲರಿ. ನಿಜವಾದ ಮನೆ ಅದರ ಮೇಲ್ಗಡೆ ಇದೆ, ಸಾದಾ ಮನೆ. ಒಳಗಿನ ಈಜಿಪ್ಟ್ ಕೋಣೆ ಮಾತ್ರ ತಪ್ಪಿಸಬೇಡಿ. ಗೋಡೆ ಮೇಲೆ ಬರಿ ಬಣ್ಣದಲ್ಲಿ ಬರೆದ ಕಂಬಗಳು, ಚಿತ್ರಲಿಪಿ, ನಡುವೆ ಒಂದು ನೀರಿನ ತೊಟ್ಟಿ. 1799ರಲ್ಲಿ ಅದೇ ಈಜಿಪ್ಟಿನಿಂದ ಅವನು ಟಿಪ್ಪುವಿಗೆ ಕಾಗದ ಬರೆದಿದ್ದ, ಅದು ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಇದು ನೆನಪಿದ್ದರೆ ಆ ಕೋಣೆ ಬೇರೆ ಥರ ಕಾಣುತ್ತೆ.

ಇನ್ನು ಯಾರೂ ಕೇಳದ ಪ್ರಶ್ನೆ. ಪೋರ್ತೊಫೆರಾಯೊದಲ್ಲಿ ಜೈಲೇ ಇರಲಿಲ್ಲವಾ? ಇತ್ತು. ಬಂದರಿನ ಬಾಯಲ್ಲೇ ಎಂಟು ಮೂಲೆಯ ಒಂದು ಗೋಪುರ ಇದೆ, ಲಿಂಗುವೆಲ್ಲಾ. ಅಲ್ಲಿ ಸೆರೆಯಲ್ಲಿದ್ದವನು ಜೊವಾನ್ನಿ ಪಾಸನ್ನಾಂತೆ, ಒಬ್ಬ ಬಡ ಅಡುಗೆಯವನು. 1878ರಲ್ಲಿ ನೇಪಲ್ಸ್‌ನಲ್ಲಿ ಒಂದು ಸಣ್ಣ ಚಾಕು ಹಿಡಿದು ಇಟಲಿಯ ದೊರೆ ಒಂದನೇ ಉಂಬೆರ್ತೊನ ಮೇಲೆ ಬಿದ್ದ. ದೊರೆಗೆ ಬರಿ ತರಚು ಗಾಯ. ಇವನಿಗೆ ಮೊದಲು ಮರಣದಂಡನೆ, ಆಮೇಲೆ ಅದು ಜೀವಾವಧಿ ಆಯಿತು. ಸಮುದ್ರಮಟ್ಟಕ್ಕಿಂತ ಕೆಳಗಿನ ಕತ್ತಲ ಕೋಣೆಯಲ್ಲಿ, ಸರಪಳಿ ಬಿಗಿದು, ವರ್ಷಗಟ್ಟಲೆ ಇಟ್ಟರು. ಬುದ್ಧಿ ಕೆಟ್ಟಿತು. 1889ರಲ್ಲಿ ಹುಚ್ಚಾಸ್ಪತ್ರೆಗೆ ಸಾಗಿಸಿದರು, 1910ರಲ್ಲಿ ಸತ್ತ. ಅವನ ಹುಟ್ಟೂರು ಸಾಲ್ವಿಯಾ, ಅರಸು ಮನೆತನದ ಕ್ಷಮೆ ಕೋರಿ, ಆ ಮನೆತನದ ಹೆಸರನ್ನೇ ಇಟ್ಟುಕೊಂಡು ಸಾವೋಯಾ ಆಯಿತು. ಅವನ ಮಿದುಳನ್ನು ರೋಮಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದರು, ಅದು ಊರಿನ ಮಣ್ಣು ಸೇರಿದ್ದು 2007ರಲ್ಲಿ.

ಗೋಪುರದ ಪಕ್ಕದಲ್ಲೇ ಪುರಾತತ್ವ ಮ್ಯೂಸಿಯಂ ಇದೆ, ಎರಡನ್ನೂ ಒಟ್ಟಿಗೆ ಮುಗಿಸಬಹುದು. ಜೈಲು ನೋಡಲೇಬೇಕು ಅನ್ನುವವರು ಅಲ್ಲಿಗೇ ಹೋಗಿ. ಆದರೆ ಟಿಕೆಟ್ ಕೌಂಟರ್‌ನಲ್ಲಿ ನೆಪೋಲಿಯನ್ ಹೆಸರು ಎತ್ತಬೇಡಿ, ಅವರಿಗೂ ನನ್ನ ಹಾಗೇ ಸಾಕಾಗಿರುತ್ತೆ.